ಹವಾಮಾನ ಆಧಾರಿತ ಬೆಳೆ ವಿಮೆ: ಅಡಿಕೆ, ಮೆಣಸಿನ ತೋಟಕ್ಕೆ ಮಾಡಿಸಬಹುದಾ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಮಾಡಿಸಿ. ಐದಕ್ಕೆ ಮೂರು ಅಂಕ. ಹೆಕ್ಟೇರ್ ಅಡಿಕೆಗೆ 6,400 ರೂಪಾಯಿ ಕಟ್ಟಿದರೆ 1,28,000 ರೂಪಾಯಿವರೆಗೆ ರಕ್ಷಣೆ, ಹೆಕ್ಟೇರ್ ಕಾಳುಮೆಣಸಿಗೆ 2,350 ಕಟ್ಟಿದರೆ 47,000ದವರೆಗೆ. ಕರಾವಳಿ, ಮಲೆನಾಡಿನ ಜಿಲ್ಲೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಬಂದ ಅಧಿಸೂಚನೆಗಳಲ್ಲಿ ಇದ್ದ ದರ ಇದು. ಈ ದುಡ್ಡಿಗೆ ಇಷ್ಟು ರಕ್ಷಣೆ ಬೇರೆ ಕಡೆ ಸಿಗುವುದಿಲ್ಲ. ಕಳೆದುಹೋದ ಎರಡು ಅಂಕ ಎಲ್ಲಿ ಹೋಯಿತು ಎಂಬುದೇ ಈ ವಿಮರ್ಶೆಯ ವಿಷಯ. ಅದು ಗೊತ್ತಿಲ್ಲದೆ ಕಂತು ಕಟ್ಟಿದವರು ಒಂದು ವರ್ಷ ದುಡ್ಡು ಬಂತೆಂದು ಹಿಗ್ಗುತ್ತಾರೆ, ಮರುವರ್ಷ ಬರಲಿಲ್ಲವೆಂದು ಸೊಸೈಟಿ ಕಾರ್ಯದರ್ಶಿಯ ಮೇಲೆ ಹರಿಹಾಯುತ್ತಾರೆ. ಎರಡೂ ಸಲ ಕಾರಣ ಗೊತ್ತಿರುವುದಿಲ್ಲ.

ಕಾಗದದ ಮೇಲಿನ ಪೂರ್ತಿ ಹೆಸರು ‘ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆ’. 2016ರ ಮುಂಗಾರಿನಲ್ಲಿ ಫಸಲ್ ಬಿಮಾ ಯೋಜನೆಯ ಜೊತೆಗೇ ಈ ರೂಪಕ್ಕೆ ಬಂತು. ಇವೆರಡನ್ನೂ ಒಂದೇ ಎಂದುಕೊಂಡವರು ಬಹಳ ಮಂದಿ. ಫಸಲ್ ಬಿಮಾದಲ್ಲಿ ಭತ್ತದಂಥ ಬೆಳೆಗೆ ಪಂಚಾಯಿತಿಯ ಕೆಲವು ಗದ್ದೆಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಇಳುವರಿ ತೂಗುತ್ತಾರೆ. ಇಲ್ಲಿ ತೂಗುವ ಮಾತೇ ಇಲ್ಲ. ನಿಮ್ಮ ತೋಟಕ್ಕೆ ಯಾರೂ ಬರುವುದಿಲ್ಲ, ಕೊಳೆ ರೋಗ ಬಂದು ಉದುರಿದ ಕಾಯಿಯನ್ನು ಯಾರೂ ಎಣಿಸುವುದಿಲ್ಲ. ಪಂಚಾಯಿತಿಗೆ ನಿಗದಿಯಾದ ಮಳೆಮಾಪಕ ಏನು ದಾಖಲಿಸಿತು, ಹೋಬಳಿಯ ಹವಾಮಾನ ಕೇಂದ್ರದಲ್ಲಿ ತಾಪಮಾನ, ಆರ್ದ್ರತೆ ಎಷ್ಟಿತ್ತು, ಆ ಅಂಕಿಗಳು ಮೊದಲೇ ಬರೆದಿಟ್ಟ ಮಿತಿಯನ್ನು ದಾಟಿದವೋ ಇಲ್ಲವೋ, ಅಷ್ಟೇ ಲೆಕ್ಕ. ದಾಟಿದರೆ ಆ ಪಂಚಾಯಿತಿಯಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಹೆಕ್ಟೇರಿಗೆ ಒಂದೇ ದರದಲ್ಲಿ ಪರಿಹಾರ. ದಾಟದಿದ್ದರೆ ಯಾರಿಗೂ ಇಲ್ಲ. ಅಂದರೆ ನೀವು ಕೊಳ್ಳುತ್ತಿರುವುದು ಮಳೆಮಾಪಕದ ಅಂಕಿಯ ಮೇಲಿನ ವಿಮೆ. ತೋಟಕ್ಕೂ ಅದಕ್ಕೂ ಇರುವ ನಂಟು ಒಂದು ಅಂದಾಜು.

ಈ ಏರ್ಪಾಡಿನಲ್ಲಿ ಒಂದು ದೊಡ್ಡ ಲಾಭವಿದೆ, ಅದನ್ನು ಯಾರೂ ಒತ್ತಿ ಹೇಳುವುದಿಲ್ಲ. ಬೋರ್ಡೋ ದ್ರಾವಣ ಹೊಡೆದು ಕೊಳೆ ಬಾರದಂತೆ ತೋಟ ಉಳಿಸಿಕೊಂಡರೂ ಪರಿಹಾರ ಕಡಿಮೆಯಾಗುವುದಿಲ್ಲ. ಮಾಪಕ ಮಿತಿ ದಾಟಿದರೆ ದುಡ್ಡು ಬರುತ್ತದೆ, ಫಸಲೂ ಕೈಗೆ ಸಿಗುತ್ತದೆ. ಹಾಗಾಗಿ ವಿಮೆ ಇದೆಯಲ್ಲ ಎಂದು ಔಷಧಿ ಬಿಡುವುದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್, ಅದೇ ಹಳೆಯ ಶೇ 1ರ ದ್ರಾವಣ. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40–45 ದಿನದ ಮೇಲೆ ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯದು. ಬರುವ ಪರಿಹಾರವನ್ನು ಈ ಖರ್ಚಿಗೆ ಜಮಾ ಎಂದುಕೊಳ್ಳುವುದು ಲೆಕ್ಕಕ್ಕೆ ಹತ್ತಿರ.

ಅಡಿಕೆಗೆ ಪೂರ್ತಿ ರಕ್ಷಣೆ ಎಂಬ ಭ್ರಮೆ ಯಾಕೆ ಬೇಡ ಅಂದರೆ, ಮೊತ್ತವೇ ಚಿಕ್ಕದು. ಹೆಕ್ಟೇರಿಗೆ 1,28,000 ಅಂದರೆ ಎಕರೆಗೆ ಸುಮಾರು 51,800, ಗುಂಟೆಗೆ 1,295. ಕಂತು ಎಕರೆಗೆ ಸುಮಾರು 2,590, ಗುಂಟೆಗೆ 65 ರೂಪಾಯಿ. ಎಕರೆಗೆ 8 ಕ್ವಿಂಟಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ), ಕ್ವಿಂಟಲಿಗೆ 40,000 ಎಂದು ಹಿಡಿದರೂ ಫಸಲಿನ ಬೆಲೆ 3,20,000 ಆಯಿತು. ವಿಮೆಯ ಮೊತ್ತ ಅದರ ಆರನೇ ಒಂದು ಪಾಲು. ಆ ಮೊತ್ತ ಕೂಡ ಒಂದೇ ಅಪಾಯಕ್ಕೆ ಮೀಸಲಲ್ಲ, ಹಲವು ಅಪಾಯಗಳಿಗೆ ತುಂಡು ತುಂಡಾಗಿ ಹಂಚಿಹೋಗಿರುತ್ತದೆ. ಒಂದೇ ವರ್ಷದಲ್ಲಿ ಎಲ್ಲ ತುಂಡೂ ಪೂರ್ತಿ ಸಿಗಬೇಕಾದರೆ ಅತಿಮಳೆ, ಮಳೆ ಕೊರತೆ, ಸುಡುಬಿಸಿಲು ಮೂರೂ ಒಟ್ಟಿಗೆ ಬರಬೇಕು.

ದುಡ್ಡು ಎಲ್ಲಿಂದ ಬರುತ್ತದೆ

ರೈತ ಕಟ್ಟುವುದು ವಿಮಾ ಮೊತ್ತದ ಶೇ 5 ಮಾತ್ರ. ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗಳಿಗೆ ಅದೇ ಮೇಲ್ಮಿತಿ. ಮುಂಗಾರಿನ ಧಾನ್ಯಗಳಿಗೆ ಶೇ 2, ಹಿಂಗಾರಿಗೆ ಶೇ 1.5. ಟೆಂಡರ್ ಗೆದ್ದ ವಿಮಾ ಕಂಪನಿ ಕೇಳುವ ನಿಜವಾದ ದರ ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ವ್ಯತ್ಯಾಸವನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ತುಂಬುತ್ತವೆ. ಲೆಕ್ಕಕ್ಕೆಂದು ಕಂಪನಿ ಶೇ 25 ಕೇಳಿತು ಎಂದುಕೊಳ್ಳಿ. ಹೆಕ್ಟೇರಿಗೆ 32,000 ಆಯಿತು. ರೈತನದು 6,400, ಉಳಿದ 25,600ರಲ್ಲಿ ಕೇಂದ್ರ 12,800, ರಾಜ್ಯ 12,800. 2020ರ ಮುಂಗಾರಿನಿಂದ ಕೇಂದ್ರ ತನ್ನ ಪಾಲಿಗೆ ಗೆರೆ ಎಳೆದಿದೆ: ನೀರಾವರಿ ಇಲ್ಲದ ಕಡೆ ಪ್ರೀಮಿಯಂ ದರ ಶೇ 30, ನೀರಾವರಿ ಇರುವ ಕಡೆ ಶೇ 25ರವರೆಗೆ ಮಾತ್ರ ಅದು ಪಾಲು ಕೊಡುತ್ತದೆ. ಅದರಾಚೆಯದು ರಾಜ್ಯದ ತಲೆಮೇಲೆ. ಮಳೆಯ ಏರುಪೇರು ಹೆಚ್ಚಿದಷ್ಟೂ ಕಂಪನಿಗಳ ದರ ಏರುತ್ತದೆ, ದರ ಏರಿದಷ್ಟೂ ರಾಜ್ಯದ ಬೊಕ್ಕಸಕ್ಕೆ ಭಾರ. ಮುಂದೆ ಯಾವುದಾದರೂ ಬೆಳೆಯನ್ನು ಅಧಿಸೂಚನೆಯಿಂದ ಕೈಬಿಟ್ಟರೆ ಕಾರಣವನ್ನು ಇಲ್ಲಿ ಹುಡುಕಿ.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ಬಡ ದೇಶಗಳಿಗೆ ಶ್ರೀಮಂತ ದೇಶಗಳು ದುಡ್ಡು ಕೊಡಬೇಕು ಎಂಬ ಮಾತು ವಿಶ್ವಸಂಸ್ಥೆಯ ಪ್ರತಿ ವರ್ಷದ ಹವಾಮಾನ ಸಮ್ಮೇಳನದಲ್ಲೂ ಕೇಳಿಬರುತ್ತದೆ. 2024ರಲ್ಲಿ ಬಾಕು ಸಮ್ಮೇಳನ 2035ರ ಹೊತ್ತಿಗೆ ವರ್ಷಕ್ಕೆ 300 ಬಿಲಿಯನ್ ಡಾಲರ್ ಎಂದು ಗುರಿ ಇಟ್ಟಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ ಹೊಂದಾಣಿಕೆಯ ಕೆಲಸಕ್ಕೆಂದು ಅಭಿವೃದ್ಧಿಶೀಲ ದೇಶಗಳಿಗೆ 2023ರಲ್ಲಿ ಹೊರಗಿನ ಸಾರ್ವಜನಿಕ ಹಣವಾಗಿ ಬಂದದ್ದು ಸುಮಾರು 26 ಬಿಲಿಯನ್. ಅಡಿಕೆ ತೋಟದ ವಿಮೆಗೆ ಆ ದುಡ್ಡಿನ ಸುಳಿವಿಲ್ಲ. ಇದು ನಡೆಯುತ್ತಿರುವುದು ನಮ್ಮದೇ ತೆರಿಗೆ ಹಣದಲ್ಲಿ. ಆದ್ದರಿಂದ ಮಳೆಮಾಪಕದ ಮೇಲೆ ಬಿದ್ದ ಅಡಿಕೆ ಸೋಗೆಯನ್ನು ಯಾರು ತೆಗೆಯಬೇಕು ಎಂದು ಕೇಳುವ ಹಕ್ಕು ವಿಮೆ ಮಾಡಿಸದವರಿಗೂ ಇದೆ.

ಕರ್ನಾಟಕಕ್ಕೆ ಇದು ಹೊಸದೇನಲ್ಲ. ದೇಶದಲ್ಲಿ ಮಳೆ ಆಧಾರಿತ ವಿಮೆಯ ಮೊದಲ ಪ್ರಯೋಗ 2003ರಲ್ಲಿ ಈಗಿನ ತೆಲಂಗಾಣದ ಮೆಹಬೂಬ್‌ನಗರದ ಶೇಂಗಾ, ಹರಳು ಬೆಳೆಗಾರರ ನಡುವೆ ನಡೆಯಿತು. ಸರ್ಕಾರಿ ಯೋಜನೆಯಾಗಿ ಅದು ಮೊದಲು ಕಾಲಿಟ್ಟದ್ದು 2007ರ ಮುಂಗಾರಿನಲ್ಲಿ, ನಮ್ಮ ರಾಜ್ಯದ 70 ಹೋಬಳಿಗಳಲ್ಲಿ.

ಟರ್ಮ್ ಶೀಟ್ ಓದುವುದು ಹೇಗೆ

ವಿಮೆಯ ಜೀವ ಇರುವುದು ಟರ್ಮ್ ಶೀಟ್ ಎಂಬ ಒಂದೆರಡು ಪುಟದ ಕೋಷ್ಟಕದಲ್ಲಿ. ಜಿಲ್ಲೆಗೆ, ಬೆಳೆಗೆ ಬೇರೆ ಬೇರೆ ಇರುತ್ತದೆ. ಕಂತು ಕಟ್ಟುವ ಕೌಂಟರಿನಲ್ಲಿ ಯಾರೂ ತಾವಾಗಿ ಕೊಡುವುದಿಲ್ಲ. ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ ಪ್ರತಿ ತೆಗೆದುಕೊಳ್ಳಿ, ಫೋಟೊ ಹೊಡೆದುಕೊಂಡರೂ ಸಾಕು.

ಅದರಲ್ಲಿ ಒಂದೊಂದು ಅಪಾಯಕ್ಕೆ ಒಂದೊಂದು ಸಾಲು. ಪ್ರತಿ ಸಾಲಿನಲ್ಲಿ ಐದು ವಿಷಯ ನೋಡಬೇಕು: ಯಾವ ದಿನಾಂಕದಿಂದ ಯಾವ ದಿನಾಂಕ, ಏನನ್ನು ಅಳೆಯುತ್ತಾರೆ, ಪರಿಹಾರ ಶುರುವಾಗುವ ಮಿತಿ, ಅದರ ಮೇಲೆ ಪ್ರತಿ ಮಿಲಿಮೀಟರಿಗೋ ಪ್ರತಿ ದಿನಕ್ಕೋ ಎಷ್ಟು ರೂಪಾಯಿ, ಮತ್ತು ಆ ಸಾಲಿನ ಗರಿಷ್ಠ ಮೊತ್ತ. ಅರ್ಥವಾಗಲೆಂದು ಒಂದು ಕಲ್ಪಿತ ಸಾಲು ಹೇಳುತ್ತೇವೆ, ಇದು ಯಾವ ಜಿಲ್ಲೆಯ ನಿಜ ಅಂಕಿಯೂ ಅಲ್ಲ. ಜುಲೈ 1ರಿಂದ ಆಗಸ್ಟ್ 31ರೊಳಗೆ, ದಿನಕ್ಕೆ 20 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನಗಳು ಎಡೆಬಿಡದೆ 15 ದಾಟಿದರೆ, ದಾಟಿದ ಪ್ರತಿ ದಿನಕ್ಕೆ ಹೆಕ್ಟೇರಿಗೆ 1,000 ರೂಪಾಯಿ, ಗರಿಷ್ಠ 15,000. ನಿಮ್ಮ ಪಂಚಾಯಿತಿಯಲ್ಲಿ 22 ದಿನ ಹೀಗೆ ಸುರಿದರೆ 7 ದಿನದ ಲೆಕ್ಕ, ಹೆಕ್ಟೇರಿಗೆ 7,000. ಎಕರೆಗೆ 2,830 ಚಿಲ್ಲರೆ. ಕಟ್ಟಿದ್ದು 2,590. ಉಳಿದದ್ದು ಒಂದು ಗಾಡಿ ಗೊಬ್ಬರಕ್ಕೂ ಸಾಲದು.

ಈಗ ಅದೇ ಸಾಲಿಗೆ 27 ದಿನ ಸುರಿದ ಮಳೆ ಎಂದುಕೊಳ್ಳಿ. ಮೊದಲ 14 ದಿನ ಮಿತಿಗಿಂತ ಮೇಲೆ. 15ನೆಯ ದಿನ ಮಾಪಕದಲ್ಲಿ 18 ಮಿ.ಮೀ. ಮತ್ತೆ 12 ದಿನ ಮಿತಿಯ ಮೇಲೆ. ತೋಟದಲ್ಲಿ ನಿಂತು ನೋಡಿದರೆ ಇದು ಒಂದೇ ಮಳೆ, ಕೊಳೆಗೂ ಇದು ಒಂದೇ ಮಳೆ. ಆ ಸಾಲಿನ ಪ್ರಕಾರ ಇದು 14 ಮತ್ತು 12 ದಿನಗಳ ಎರಡು ಮಳೆ, ಎರಡೂ 15 ದಾಟಿಲ್ಲ, ಪರಿಹಾರ ಸೊನ್ನೆ. ಪಕ್ಕದ ಪಂಚಾಯಿತಿಯ ಮಾಪಕದಲ್ಲಿ ಆ ದಿನ 21 ಮಿ.ಮೀ. ಬಿದ್ದಿದ್ದರೆ ಅಲ್ಲಿಯವರಿಗೆ 12 ದಿನದ್ದು, ಹೆಕ್ಟೇರಿಗೆ 12,000. ‘ಅವರಿಗೆ ಬಂತು, ನಮಗ್ಯಾಕೆ ಬರಲಿಲ್ಲ’ ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಂಥದೊಂದು ದಿನದಲ್ಲಿ ಅಡಗಿರುತ್ತದೆ. ರಾಜಕೀಯವೇ ಇರಬೇಕೆಂದಿಲ್ಲ.

ದಿನಾಂಕಗಳ ಬಗ್ಗೆ ಇನ್ನೊಂದು ತಕರಾರು. ಅಡಿಕೆಯ ವಿಮಾ ವರ್ಷ ಸಾಮಾನ್ಯವಾಗಿ ಜುಲೈ 1ರಿಂದ ಮರುವರ್ಷದ ಜೂನ್ 30. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿಗೆ ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುತ್ತದೆ, ನಳ್ಳಿ (ಎಳೆಗಾಯಿ) ಉದುರುತ್ತದೆ, ಆ ತಿಂಗಳುಗಳ ರಕ್ಷಣೆ ಬಿಸಿಲಿಗೆ ಸಂಬಂಧಿಸಿದ್ದು. ಆದರೆ ಮಳೆಗೆ ಕ್ಯಾಲೆಂಡರ್ ಗೊತ್ತಿಲ್ಲ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಅಂಥ ವರ್ಷ ಮೊದಲ ಬೋರ್ಡೋಗೆ ಪುರುಸೊತ್ತು ಸಿಗುವುದಿಲ್ಲ, ಕೊಳೆಯ ಬೀಜ ಬೀಳುವುದು ಜೂನ್‌ನಲ್ಲೇ. ಟರ್ಮ್ ಶೀಟಿನಲ್ಲಿ ಸತತ ಮಳೆಯ ಸಾಲು ಜುಲೈ 1ಕ್ಕೆ ಶುರುವಾಗುವುದಾದರೆ ಮೇ ಕೊನೆ ಮತ್ತು ಜೂನ್‌ನ ಮಳೆ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಜಿಲ್ಲೆಯ ಶೀಟಿನಲ್ಲಿ ಈ ಒಂದು ದಿನಾಂಕವನ್ನು ಎಲ್ಲಕ್ಕಿಂತ ಮೊದಲು ನೋಡಿ.

ಕಾಳುಮೆಣಸಿಗೆ ಕತೆ ತಿರುಗುಮುರುಗು. ಅಲ್ಲಿ ಮುಂಗಾರು ಪೂರ್ವದ ಮಳೆ ಬೇಕು, ಕರೆ (ಮೆಣಸಿನ ಹೂಗೊಂಚಲು) ಬಿಡುವುದು ಅದರಿಂದಲೇ. ಕರೆ ಬಿಟ್ಟ ಮೇಲೆ ಮಳೆ ಕೈಕೊಟ್ಟರೆ ಉದುರುತ್ತದೆ, ಮಿತಿಮೀರಿ ಸುರಿದರೆ ಸೊರಗು ರೋಗ. ಹಾಗಾಗಿ ಒಂದೇ ತೋಟದಲ್ಲಿ ಅಡಿಕೆಗೆ ಪರಿಹಾರ ಬಂದು ಮೆಣಸಿಗೆ ಬಾರದಿರುವುದು, ಅಥವಾ ಅದರ ಉಲ್ಟಾ ಆಗುವುದು ಸಹಜ. ಮೆಣಸಿನ ಕಂತು ಎಕರೆಗೆ 950 ರೂಪಾಯಿ, ಎರಡನ್ನೂ ಮಾಡಿಸುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಹಳದಿ ಎಲೆ ರೋಗ, ಎಲೆಚುಕ್ಕಿ, ಮಂಗ, ಹಂದಿ, ಬೆಲೆ ಕುಸಿತ, ಯಾವುದಕ್ಕೂ ಈ ವಿಮೆಯಲ್ಲಿ ಜಾಗವಿಲ್ಲ. ಎಲೆಚುಕ್ಕಿ ಹೆಚ್ಚಿದ ವರ್ಷ ಮಳೆಯೂ ಮಿತಿ ದಾಟಿದ್ದರೆ ದುಡ್ಡು ಬರುತ್ತದೆ, ಆದರೆ ಅದು ಮಳೆಗೆ ಬಂದ ದುಡ್ಡು.

ಮಳೆಮಾಪಕ

ಇಡೀ ಯೋಜನೆಯ ಬಲಹೀನ ಭಾಗ ಇದೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದರಂತೆ 6,000ಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕ ಇಟ್ಟಿದೆ. 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ಹೋಗುತ್ತದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಇರುವ ರಾಜ್ಯಗಳು ಕಡಿಮೆ, ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು. ಮಾಪಕದೊಳಗೆ ಇರುವುದು ಏನು? ಮೇಲೊಂದು ಲಾಳಿಕೆ, ಅದರ ಕೆಳಗೆ ಏತದ ಹಾಗೆ ಆಚೀಚೆ ವಾಲುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಲಾಳಿಕೆಯ ಕೆಳಗೆ ಬರುತ್ತದೆ, ಒಂದೊಂದು ವಾಲಿಗೆ ಒಂದೊಂದು ಎಣಿಕೆ. ಸೌರ ಫಲಕ, ಬ್ಯಾಟರಿ, ಸಿಮ್ ಕಾರ್ಡು. ಇಷ್ಟೇ.

ಕೆಡುವುದು ಎಲ್ಲಿ? ಮೊದಲನೆಯದು ಲಾಳಿಕೆಯ ತೂತು. ಎಲೆ, ಹೂವಿನ ಪಕಳೆ, ಹಕ್ಕಿ ಹಿಕ್ಕೆ, ಜೇಡರ ಬಲೆ, ಇರುವೆ ಗೂಡು, ಏನಾದರೂ ಒಂದು ಕಟ್ಟಿಕೊಂಡರೆ ಸಾಕು. ಪೂರ್ತಿ ಕಟ್ಟಿದರೆ ಜಡಿಮಳೆಯ ದಿನವೂ ಅಂಕಿ ಸೊನ್ನೆ. ಅರ್ಧ ಕಟ್ಟಿದರೆ ಇನ್ನೂ ಕೆಟ್ಟದು: ನೀರು ತೊಟ್ಟಿಕ್ಕುತ್ತಾ ಇಳಿಯುತ್ತದೆ, ಇವತ್ತಿನ ಮಳೆ ನಾಳೆಯ ಲೆಕ್ಕಕ್ಕೆ ಹೋಗುತ್ತದೆ, ನೋಡುವವರಿಗೆ ದೋಷ ಕಾಣುವುದೇ ಇಲ್ಲ. ಮೇಲೆ ಹೇಳಿದ 18 ಮಿ.ಮೀ. ದಿನ ನಿಜವಾಗಿ 40 ಮಿ.ಮೀ. ದಿನವಾಗಿದ್ದಿರಬಹುದು. ಎರಡನೆಯದು ಜಾಗ. ಮಾಪಕದ ಬಾಯಿಗಿಂತ ಎತ್ತರ ಇರುವ ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು, ನಾಲ್ಕು ಪಟ್ಟಾದರೆ ಉತ್ತಮ. ಇಟ್ಟಾಗ ಬಯಲಾಗಿದ್ದ ಜಾಗದಲ್ಲಿ ಹತ್ತು ವರ್ಷದಲ್ಲಿ ಅಕೇಶಿಯಾ ಎದ್ದು ನಿಂತಿರುತ್ತದೆ. ಮೂರನೆಯದು ಮಳೆಗಾಲದ ಮೋಡ, ಸೌರ ಫಲಕಕ್ಕೆ ಬಿಸಿಲಿಲ್ಲದೆ ಬ್ಯಾಟರಿ ಸೊರಗುತ್ತದೆ, ಅಥವಾ ಘಟ್ಟದ ಕೆಳಗೆ ನೆಟ್‌ವರ್ಕ್ ಇರುವುದಿಲ್ಲ. ಅಂಕಿ ಬಾರದ ದಿನಗಳಿಗೆ ಬದಲಿ ಕೇಂದ್ರದ ಅಂಕಿ ಬಳಸುತ್ತಾರೆ. ಘಟ್ಟದ ತಪ್ಪಲಿನಲ್ಲಿ ನಾಲ್ಕು ಕಿಲೋಮೀಟರಿಗೆ ಮಳೆ ಬೇರೆಯಾಗುತ್ತದೆ ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು, ಬದಲಿ ಕೇಂದ್ರ ಗುಡ್ಡದ ಆಚೆ ಬದಿಯದಾದರೆ ಅದು ಬೇರೆ ಊರಿನ ಹವಾಮಾನವೇ.

ಮಾಡಬೇಕಾದ್ದು ಏನೆಂದರೆ, ಮೇ ತಿಂಗಳಲ್ಲೇ ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಎಂದು ಪಿಡಿಒ ಅವರನ್ನು ಕೇಳಿ, ಹೋಗಿ ನೋಡಿ. ಕೈ ಹಾಕಬೇಡಿ. ಬಿಚ್ಚಿದರೆ, ಅಲುಗಾಡಿಸಿದರೆ, ನೀರು ಸುರಿದರೆ ಅದೂ ದಾಖಲಾಗುತ್ತದೆ, ಆಮೇಲೆ ಇಡೀ ಪಂಚಾಯಿತಿಯ ಅಂಕಿಯ ಮೇಲೆ ಕಂಪನಿ ಅನುಮಾನ ಎತ್ತುತ್ತದೆ. ಮರ ಮುಚ್ಚಿದ್ದರೆ, ಕಸ ತುಂಬಿದ್ದರೆ ದಿನಾಂಕ ಕಾಣುವಂತೆ ಫೋಟೊ ತೆಗೆದು ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಬರೆದುಕೊಟ್ಟು ಹಿಂಬರಹ ಪಡೆಯಿರಿ. ಮಳೆಗಾಲಕ್ಕೆ ಮೊದಲು ಕೊಟ್ಟ ಅರ್ಜಿಗೆ ಇರುವ ತೂಕ ಪರಿಹಾರ ತಪ್ಪಿದ ಮೇಲೆ ಕೊಟ್ಟ ಅರ್ಜಿಗೆ ಇರುವುದಿಲ್ಲ.

ಜೊತೆಗೆ ಮನೆಯಂಗಳದಲ್ಲಿ ಒಂದು ಮಾಪಕ ಇಡಿ. ಇದರ ಅಂಕಿಗೆ ಕಾನೂನಿನ ಬೆಲೆ ಇಲ್ಲ, ಆದರೆ ಯಾವ ದಿನ ಎಡವಟ್ಟಾಯಿತು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. 20 ಸೆಂ.ಮೀ. ಬಾಯಿಯ ಲಾಳಿಕೆಗೆ 1 ಮಿ.ಮೀ. ಮಳೆ ಅಂದರೆ 31.4 ಮಿ.ಲೀ. ನೀರು. 150 ಮಿ.ಮೀ. ಸುರಿದ ದಿನ 4.7 ಲೀಟರ್ ಬರುತ್ತದೆ, ಆದ್ದರಿಂದ ಕೆಳಗೆ 10 ಲೀಟರ್ ಕ್ಯಾನ್ ಇರಲಿ. ಅಳೆಯುವುದು ಬೆಳಿಗ್ಗೆ 8.30ಕ್ಕೇ, ಅಧಿಕೃತ ಮಳೆದಿನ ಅಲ್ಲಿಂದ ಅಲ್ಲಿಗೆ. ರಾತ್ರಿ ಹನ್ನೆರಡಕ್ಕೆ ದಿನ ಬದಲಿಸಿ ಬರೆದ ಪುಸ್ತಕ ಯಾವುದಕ್ಕೂ ತಾಳೆಯಾಗುವುದಿಲ್ಲ.

ಅಂಕಿಗೂ ನೆಲಕ್ಕೂ ತಾಳೆಯಾಗದಿರುವುದು ನಮ್ಮೂರಿನ ಕಾಯಿಲೆ ಮಾತ್ರವಲ್ಲ. ಆಫ್ರಿಕಾದ ಮಲಾವಿ ದೇಶ 2015–16ರ ಬರಗಾಲಕ್ಕೆ ಇದೇ ಬಗೆಯ ವಿಮೆಯನ್ನು ಇಡೀ ದೇಶಕ್ಕೇ ಮಾಡಿಸಿತ್ತು. ಜನ ಹಸಿವಿನಲ್ಲಿದ್ದರು, ಲೆಕ್ಕ ಮಾಡುವ ಮಾದರಿ ಮಾತ್ರ ನಷ್ಟ ಕಾಣಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಇದು: ಮಾದರಿಯಲ್ಲಿ 120–140 ದಿನದ ಮುಸುಕಿನ ಜೋಳ ಎಂದು ಬರೆದಿತ್ತು, ರೈತರು ಬಿತ್ತಿದ್ದು 90 ದಿನದ ತಳಿ. ತಿದ್ದಿದ ಮೇಲೆ 81 ಲಕ್ಷ ಡಾಲರ್ ಬಂತು, ಅದೂ ತಡವಾಗಿ. ಸರ್ಕಾರ ದನಿಯೆತ್ತಿದ್ದಕ್ಕೆ ಬಂತು. ಒಂದು ಪಂಚಾಯಿತಿಯ ದನಿ ಅಷ್ಟು ದೂರ ಕೇಳಿಸಬೇಕಾದರೆ ಕೈಯಲ್ಲಿ ದಾಖಲೆ ಇರಬೇಕು.

ನೋಂದಣಿ, ಮತ್ತು ಅಲ್ಲಿ ಆಗುವ ಎಡವಟ್ಟು

ಎಲ್ಲಿ ಕಟ್ಟಬಹುದು: ಸೊಸೈಟಿ, ಸಾಲ ಇರುವ ಬ್ಯಾಂಕು, ಗ್ರಾಮ ಒನ್, ಸಾಮಾನ್ಯ ಸೇವಾ ಕೇಂದ್ರ. ಗಡುವು ಬಹುತೇಕ ಜೂನ್ 30, ಅಧಿಸೂಚನೆ ತಡವಾದ ವರ್ಷ ಜುಲೈ ದಾಟಿದ್ದೂ ಉಂಟು. ಮುಂದೂಡುತ್ತಾರೆ ಎಂದು ಕಾಯುವುದು ಬೇಡ, ಕೊನೆಯ ಎರಡು ದಿನ ಸರ್ವರ್ ಮಲಗಿರುತ್ತದೆ. 2020ರ ಮುಂಗಾರಿನಿಂದ ಬೆಳೆಸಾಲ ಇದ್ದವರಿಗೂ ವಿಮೆ ಐಚ್ಛಿಕ. ಬೇಡವಾದರೆ ಗಡುವಿಗೆ 7 ದಿನ ಮುಂಚೆ ಬ್ಯಾಂಕಿಗೆ ಬರೆದುಕೊಡಬೇಕು, ಸುಮ್ಮನಿದ್ದರೆ ಖಾತೆಯಿಂದ ಕಂತು ಕಡಿತವಾಗುತ್ತದೆ.

ಬೇಕಾದ್ದು ಎಫ್‌ಐಡಿ, ಅಂದರೆ ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆ, ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್. ಕೇಳಲು ಸುಲಭ. ತೊಡಕೆಲ್ಲ ಇವು ಒಂದಕ್ಕೊಂದು ಹೊಂದದಿರುವುದರಲ್ಲಿ. ಎಫ್‌ಐಡಿ ಇದ್ದರೂ ಅದಕ್ಕೆ ಎಲ್ಲ ಸರ್ವೆ ನಂಬರ್ ಸೇರಿರುವುದಿಲ್ಲ. ಸೇರದ ಸರ್ವೆ ನಂಬರಿಗೆ ವಿಮೆ ಇಲ್ಲ. ಜಂಟಿ ಪಹಣಿಯಾದರೆ ಉಳಿದ ಪಾಲುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ, ಮುಂಬೈಯಲ್ಲಿರುವ ಚಿಕ್ಕಪ್ಪನ ಸಹಿಗೆ ಜೂನ್ ಕೊನೆಯಲ್ಲಿ ಓಡಾಡುವ ಬದಲು ಏಪ್ರಿಲ್‌ನಲ್ಲಿ ತರಿಸಿಡಿ. ಕುಮ್ಕಿಯಂಥ ಸರ್ಕಾರಿ ಜಾಗದಲ್ಲಿ, ಬೆಟ್ಟದಲ್ಲಿ ಎಬ್ಬಿಸಿದ ತೋಟಕ್ಕೆ ನಿಮ್ಮ ಹೆಸರಿನ ಪಹಣಿ ಇಲ್ಲವಾದ್ದರಿಂದ ವಿಮೆಯೂ ಇಲ್ಲ. ಗೇಣಿದಾರರಿಗೆ ನಿಯಮದಲ್ಲಿ ಅವಕಾಶ ಇದೆ, ಎಫ್‌ಐಡಿ ವ್ಯವಸ್ಥೆಯಲ್ಲಿ ದಾರಿ ಬಲು ಕಿರಿದು.

ಬೆಳೆ ಸಮೀಕ್ಷೆಯನ್ನು ಉದಾಸೀನ ಮಾಡಿದವರು ಹೆಚ್ಚು ಕಳೆದುಕೊಳ್ಳುತ್ತಾರೆ. ಸಮೀಕ್ಷೆಗೆ ಬಂದ ಹುಡುಗ ರಸ್ತೆ ಬದಿಯಿಂದಲೇ ಫೋಟೊ ಹೊಡೆದು ‘ತೆಂಗು’ ಎಂದು ಬರೆದು ಹೋಗಿದ್ದರೆ, ನೀವು ಕಂತು ಕಟ್ಟಿದ್ದು ಅಡಿಕೆಗೆ, ದಾಖಲೆ ಹೇಳುವುದು ತೆಂಗು, ಪರಿಹಾರದ ಹೊತ್ತಿಗೆ ಅರ್ಜಿ ತಿರಸ್ಕೃತ. ಮೆಣಸಿನದು ಇನ್ನೂ ಹೆಚ್ಚು: ಮಿಶ್ರಬೆಳೆಯಾಗಿ ಅದನ್ನು ನಮೂದಿಸುವುದನ್ನೇ ಬಿಟ್ಟುಬಿಡುತ್ತಾರೆ. ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ಏನು ದಾಖಲಾಗಿದೆ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿ. ಅಥವಾ ರೈತರ ಆ್ಯಪ್‌ನಲ್ಲಿ ಸಮೀಕ್ಷೆಯನ್ನು ನೀವೇ ಮಾಡಿಬಿಡಿ, ಹತ್ತಿಪ್ಪತ್ತು ನಿಮಿಷದ ಕೆಲಸ.

ಕಟ್ಟಿದ ಮೇಲೆ ಅರ್ಜಿ ಸಂಖ್ಯೆ ಇರುವ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಸರ್ವೆ ನಂಬರ್, ವಿಸ್ತೀರ್ಣ, ಬೆಳೆ, ಪಂಚಾಯಿತಿ ಈ ನಾಲ್ಕನ್ನು ಕೌಂಟರಿನಲ್ಲೇ ನಿಂತು ಓದಿ. ಪಂಚಾಯಿತಿ ಹೆಸರು ತಪ್ಪಿದರೆ ಬೇರೆ ಮಾಪಕದ ಮಳೆಗೆ ನೀವು ಸೇರಿಹೋಗುತ್ತೀರಿ. ವಾರ ಬಿಟ್ಟು ರಾಜ್ಯದ ಬೆಳೆ ವಿಮೆಯ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ವರ್ಷ, ಋತು ಆರಿಸಿ ಅರ್ಜಿಯ ಸ್ಥಿತಿ ನೋಡಿ. ಬ್ಯಾಂಕು ಅಥವಾ ಸೊಸೈಟಿಯವರ ತಪ್ಪಿನಿಂದ, ಅಂದರೆ ಕಂತು ಕಡಿದು ಕಳಿಸದೆ ಉಳಿದರೆ ಅಥವಾ ವಿವರ ತಪ್ಪಾಗಿ ತುಂಬಿದರೆ, ಪರಿಹಾರದ ಹೊಣೆ ಅವರದೇ ಎಂದು ಮಾರ್ಗಸೂಚಿಯಲ್ಲಿದೆ. ಆ ಸ್ವೀಕೃತಿ ಇಲ್ಲದೆ ಇದನ್ನು ಸಾಧಿಸುವುದು ಆಗದ ಮಾತು.

ದುಡ್ಡು ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ನೀವು ಅರ್ಜಿಯಲ್ಲಿ ಬರೆದ ಖಾತೆಯೇ ಆಗಬೇಕೆಂದಿಲ್ಲ. ಮೊಬೈಲ್ ಅಂಗಡಿಯಲ್ಲಿ ಯಾವಾಗಲೋ ತೆರೆದ ಪೇಮೆಂಟ್ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಹಾರಿಹೋಗಿ, ಪರಿಹಾರ ಅಲ್ಲಿ ಬಿದ್ದಿರುತ್ತದೆ, ಮನೆಯವರು ಬರಲಿಲ್ಲವೆಂದು ಕೂತಿರುತ್ತಾರೆ. ‘ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಜೋಡಣೆ) ಯಾವ ಬ್ಯಾಂಕಿಗಿದೆ’ ಎಂದು ನಿಮ್ಮ ಶಾಖೆಯಲ್ಲಿ ಒಮ್ಮೆ ವಿಚಾರಿಸಿ.

ಎಷ್ಟು ಬೇಗ ಬರುತ್ತದೆ? ಬೇಗ ಬರುವುದಿಲ್ಲ. ವಿಮಾ ವರ್ಷ ಜೂನ್‌ಗೆ ಮುಗಿದು, ಅಂಕಿ ಪಕ್ಕಾ ಆಗಿ, ಸರ್ಕಾರದ ಪಾಲು ಕಂಪನಿಗೆ ಸೇರಿ, ಆಮೇಲೆ ಲೆಕ್ಕ. ಮಳೆಗಾಲ ಮುಗಿದು ದೀಪಾವಳಿಯ ಆಸುಪಾಸು ಬಂದರೆ ಒಳ್ಳೆಯ ವರ್ಷ ಎನ್ನಬೇಕು. ಅಂಕಿಯ ಬಗ್ಗೆ ತಕರಾರು ಎದ್ದ ವರ್ಷ ಇನ್ನೂ ತಿಂಗಳುಗಟ್ಟಲೆ ಎಳೆಯುತ್ತದೆ. ಗೊತ್ತುಪಡಿಸಿದ ಅವಧಿ ಮೀರಿದರೆ ಕಂಪನಿ ವರ್ಷಕ್ಕೆ ಶೇ 12ರ ಬಡ್ಡಿ ಸೇರಿಸಿ ಕೊಡಬೇಕು ಎಂದು ನಿಯಮ ಇದೆ, ಕೇಳಿ ಪಡೆದವರು ಕಡಿಮೆ. ಬೋರ್ಡೋ ಖರ್ಚಿಗೆ, ಕೊನೆ ಕೊಯ್ಲಿನ ಕೂಲಿಗೆ ಇದನ್ನು ನಂಬಿ ಸಾಲ ಎತ್ತಬೇಡಿ.

ಪರಿಹಾರ ಬಾರದಿದ್ದರೆ ಎರಡು ಪ್ರಶ್ನೆಯನ್ನು ಬೇರೆ ಬೇರೆ ಕೇಳಬೇಕು. ನನ್ನ ಪಂಚಾಯಿತಿಗೆ ಬಂದಿದೆಯಾ? ಬಂದಿದ್ದರೆ ತೊಡಕು ನಿಮ್ಮ ಅರ್ಜಿಯದು ಅಥವಾ ಖಾತೆಯದು, ಸಂರಕ್ಷಣೆ ಪೋರ್ಟಲ್, ಬ್ಯಾಂಕು, ಸಹಾಯವಾಣಿ 14447ರಲ್ಲಿ ಬಗೆಹರಿಯಬಹುದು. ಪಂಚಾಯಿತಿಗೇ ಬಂದಿಲ್ಲವಾದರೆ ಒಬ್ಬೊಬ್ಬರೇ ಫೋನು ಮಾಡಿ ಪ್ರಯೋಜನವಿಲ್ಲ. ವಿಮೆಯ ಅವಧಿಯ ದಿನವಾರು ಮಳೆ ಅಂಕಿ, ಯಾವ ದಿನಗಳಿಗೆ ಬದಲಿ ಕೇಂದ್ರ ಬಳಸಿದರು, ಆ ಕೇಂದ್ರ ಯಾವುದು ಎಂಬ ಮೂರನ್ನು ಲಿಖಿತವಾಗಿ ಕೇಳಿ, ಬೇಕಾದರೆ ಮಾಹಿತಿ ಹಕ್ಕಿನಡಿ. ಟರ್ಮ್ ಶೀಟಿನ ಪಕ್ಕ ಇಟ್ಟು ಲೆಕ್ಕ ಹಾಕಿ. ತಪ್ಪು ಸಿಕ್ಕರೆ ಊರಿನ ವಿಮೆದಾರರೆಲ್ಲ ಸೇರಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿಗೆ ಕೊಡಿ. ‘ಮಳೆ ಬಹಳ ಬಂದಿತ್ತು’ ಎಂಬ ಅರ್ಜಿ ಕಡತಕ್ಕೆ ಸೇರುತ್ತದೆ. ‘ಜುಲೈ 15ರಂದು ಸುತ್ತಲಿನ ಮೂರು ಪಂಚಾಯಿತಿಗಳಲ್ಲಿ 60 ಮಿ.ಮೀ. ಮೇಲೆ ದಾಖಲಾಗಿದೆ, ನಮ್ಮ ಮಾಪಕದಲ್ಲಿ ಸೊನ್ನೆ’ ಎಂದು ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ.

ಸುಧಾರಣೆಯ ಮಾತುಗಳು ನಡೆದಿವೆ. ಹವಾಮಾನ ಕೇಂದ್ರಗಳ ಜಾಲ ಹೆಚ್ಚಿಸಲು ಕೇಂದ್ರ 2023ರಲ್ಲಿ ‘ವಿಂಡ್ಸ್’ ಎಂಬ ಕಾರ್ಯಕ್ರಮ ಶುರು ಮಾಡಿತು, 2025ರ ಜನವರಿಯಲ್ಲಿ ವಿಮಾ ಯೋಜನೆಗಳನ್ನು ಮುಂದುವರಿಸುವಾಗ ತಂತ್ರಜ್ಞಾನಕ್ಕೆಂದು 824.77 ಕೋಟಿ ರೂಪಾಯಿಯ ನಿಧಿಯನ್ನೂ ಇಟ್ಟಿತು. ಹೊಸ ಕೇಂದ್ರ ಬರಲಿ. ಅದಕ್ಕಿಂತ ಮೊದಲು ಇರುವ ಮಾಪಕಗಳಿಗೆ ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ಒಂದೊಂದು ಸಲ ಸ್ವಚ್ಛತೆ ಮತ್ತು ಪರೀಕ್ಷೆ, ಅದರ ದಿನಾಂಕ ಪಂಚಾಯಿತಿ ಬೋರ್ಡಿನಲ್ಲಿ, ಇಷ್ಟಾದರೆ ನಾಲ್ಕನೆಯ ಅಂಕ ಕೊಡಲು ಅಡ್ಡಿಯಿಲ್ಲ.

ಯಾರಿಗೆ ಬೇಡ? ಹತ್ತು ಗುಂಟೆಗಿಂತ ಕಡಿಮೆ ತೋಟ ಇದ್ದು, ಕಾಗದ ಸರಿಮಾಡಲು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಓಡಾಡಬೇಕಾದವರಿಗೆ ಬಸ್ ಚಾರ್ಜು, ಹೋದ ದಿನದ ಕೂಲಿ ಸೇರಿ ಗಿಟ್ಟುವುದಿಲ್ಲ. ಹತ್ತು ಗುಂಟೆಯ ಕಂತು 650 ರೂಪಾಯಿ, ಓಡಾಟಕ್ಕೆ ಅದರ ಎರಡರಷ್ಟಾಗುತ್ತದೆ. ಆದರೆ ಕಾಗದ ಒಮ್ಮೆ ಸರಿಯಾದರೆ ಮುಂದಿನ ವರ್ಷಗಳಿಗೂ ಅದೇ ನಡೆಯುತ್ತದೆ, ಹಾಗಾಗಿ ಸೊಸೈಟಿಗೆ ಬೇರೆ ಕೆಲಸಕ್ಕೆ ಹೋದಾಗ ಎಫ್‌ಐಡಿಗೆ ಸರ್ವೆ ನಂಬರ್ ಸೇರಿಸುವುದನ್ನಾದರೂ ಈ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.